ತೋಟದ ಕೆರೆಯ ಮೀನಿಗೆ ಹೇನು ಹಿಡಿದರೆ

ಫೆಬ್ರವರಿ ದಾಟಿತೆಂದರೆ ವಿಟ್ಲ, ಅಳಿಕೆ, ಪುಣಚ, ಮಾಣಿಲದ ತೋಟಗಳಲ್ಲಿ ಸ್ಪ್ರಿಂಕ್ಲರ್ ಬಿಡುವುದು ಜೋರಾಗುತ್ತದೆ, ಕೆರೆಯ ನೀರು ದಿನದಿನಕ್ಕೆ ಇಳಿಯುತ್ತದೆ. ಮಳೆಗಾಲದಲ್ಲಿ ಬಿಟ್ಟ ಕಾಟ್ಲಾ, ರೋಹು ಮರಿಗಳು ಅಷ್ಟರಲ್ಲಿ ಅಂಗೈಗಿಂತ ದೊಡ್ಡದಾಗಿರುತ್ತವೆ. ಮೀನು ಬೆಳೆಯಿತು, ನೀರು ಅರ್ಧವಾಯಿತು. ಈ ಇಕ್ಕಟ್ಟಿನಲ್ಲೇ ಪರೋಪಜೀವಿಗಳ ಹಾವಳಿ ಶುರುವಾಗುವುದು. ಮೀನು ಮೇವಿಗೆ ಬರುವುದಿಲ್ಲ, ದಡದ ಮುರಕಲ್ಲಿಗೆ ಮೈ ತಿಕ್ಕುತ್ತದೆ, ಕಾರಣವಿಲ್ಲದೆ ನೀರಿನಿಂದ ಮೇಲಕ್ಕೆ ಹಾರುತ್ತದೆ. ಇಷ್ಟು ಕಂಡರೆ ಸಾಕು, ಅಂದೇ ಬಲೆ ಹಾಕಿ ನಾಲ್ಕೈದು ಮೀನು ಹಿಡಿದು ನೋಡಬೇಕು.

ಹಿಡಿದ ಮೀನನ್ನು ಕೆರೆಯ ನೀರು ತುಂಬಿದ ಬಿಳಿ ಬೇಸಿನ್‌ಗೆ ಹಾಕಿ. ರೆಕ್ಕೆಯ ಬುಡ, ಹೊಟ್ಟೆಯ ಕೆಳಭಾಗ, ಕಿವಿರಿನ ಮುಚ್ಚಳದ ಅಂಚು ನೋಡಿ. ಹುರುಪೆಗಿಂತ ಸಣ್ಣದಾದ, ಚಪ್ಪಟೆಯಾದ, ಬೆಳಕು ಹಾಯುವಂಥ ಹಸಿರುಮಿಶ್ರಿತ ಬಿಲ್ಲೆಯೊಂದು ಮೈಮೇಲೆ ಜಾರಿದಂತೆ ಕಂಡರೆ ಅದು ಮೀನುಹೇನು, ಅಂದರೆ ಆರ್ಗುಲಸ್. ಉಗುರಿನಿಂದ ಎಬ್ಬಿಸಿ ಗಾಜಿನ ಲೋಟದ ನೀರಿಗೆ ಬಿಟ್ಟರೆ ಸುತ್ತುಹೊಡೆಯುತ್ತಾ ಈಜುತ್ತದೆ. ಎರಡು ಕಪ್ಪು ಕಣ್ಣು, ಎರಡು ದುಂಡು ಹೀರುಬಟ್ಟಲು ಬರಿಗಣ್ಣಿಗೇ ಕಾಣುತ್ತವೆ. ಸೂಜಿಯಂಥ ಬಾಯಿಯಿಂದ ಚುಚ್ಚಿ ರಕ್ತ ಹೀರುವುದರಿಂದ ಅಲ್ಲಲ್ಲಿ ಕೆಂಪು ಚುಕ್ಕೆ ಬೀಳುತ್ತದೆ, ಆ ಗಾಯದಲ್ಲಿ ಬ್ಯಾಕ್ಟೀರಿಯಾ ಸೇರಿ ಹುಣ್ಣಾಗುತ್ತದೆ.

ಬಿಲ್ಲೆಯ ಬದಲು ನೂಲಿನ ತುಂಡಿನಂತೆ ಏನೋ ನೇತಾಡುತ್ತಿದ್ದರೆ ಅದು ಲಂಗರು ಹುಳ, ಲರ್ನಿಯಾ. ಇದರ ತಲೆ ಮಾಂಸದೊಳಗೆ ಕವಲೊಡೆದು ಕಚ್ಚಿಕೊಂಡಿರುತ್ತದೆ. ಎಳೆದು ಕಿತ್ತರೆ ತಲೆ ಒಳಗೇ ಉಳಿದು ಗಾಯ ಕೀವಾಗುತ್ತದೆ. ಮೈಮೇಲೆಲ್ಲ ರವೆ ಚೆಲ್ಲಿದ ಹಾಗಿದ್ದರೆ ಬಿಳಿಚುಕ್ಕೆ ರೋಗ. ಏನೂ ಕಾಣದೆ ಬರಿಯ ಲೋಳೆ ಹೆಚ್ಚಾಗಿ ಕಿವಿರು ಬಿಳಿಚಿಕೊಂಡಿದ್ದರೆ ಟ್ರೈಕೋಡಿನ ಅಥವಾ ಕಿವಿರಿನ ಹುಳ ಇದ್ದೀತು. ಅದನ್ನು ಸೂಕ್ಷ್ಮದರ್ಶಕದಲ್ಲೇ ನೋಡಬೇಕು.

ಯಾವ ಪರೋಪಜೀವಿಯಾದರೂ ಮದ್ದು ಹಾಕುವ ಮೊದಲು ಅದರ ಜೀವನಚಕ್ರ ತಿಳಿದಿರಬೇಕು. ಹೆಣ್ಣು ಹೇನು ಮೀನನ್ನು ಬಿಟ್ಟು ಹೋಗಿ ಕಲ್ಲು, ಕಡ್ಡಿ, ಗೋಡೆಯ ಮೇಲೆ ಸಾಲಾಗಿ ಮೊಟ್ಟೆ ಅಂಟಿಸುತ್ತದೆ. ನಮ್ಮ ಸೆಕೆಗೆ ಅವು ಎರಡು ಮೂರು ವಾರದಲ್ಲಿ ಒಡೆಯುತ್ತವೆ. ಮೊಟ್ಟೆಗೆ ಮದ್ದು ನಾಟುವುದಿಲ್ಲ. ಬಿಳಿಚುಕ್ಕೆಯ ಜೀವಿಯೂ ಹಾಗೆಯೇ: ಮೀನಿನ ಚರ್ಮದಡಿ ಇರುವಾಗ ಮದ್ದು ತಾಗದು, ತಳಕ್ಕೆ ಬಿದ್ದು ಕೋಶ ಕಟ್ಟಿಕೊಂಡಾಗಲೂ ತಾಗದು. ಕೋಶ ಒಡೆದು ನೂರಾರು ಮರಿಗಳು ಹೊಸ ಮೀನನ್ನು ಹುಡುಕಿ ಈಜುವ ಒಂದೆರಡು ದಿನ ಮಾತ್ರ ಅವು ಕೈಗೆ ಸಿಗುವುದು. ಒಂದು ಸಲ ಮದ್ದು ಹಾಕಿ, ಮೀನು ಚುರುಕಾಯಿತೆಂದು ಸುಮ್ಮನಾದವರ ಕೆರೆಯಲ್ಲಿ ಮತ್ತೆ ಹಾವಳಿ ಕಾಣಿಸುವುದು ಇದೇ ಕಾರಣಕ್ಕೆ.

ಹಾಗಾಗಿ ಹೇನಿಗೆ ಮೊದಲ ಉಪಾಯ ಮದ್ದಿನ ಅಂಗಡಿಯಲ್ಲಿಲ್ಲ, ತೋಟದಲ್ಲೇ ಇದೆ. ಸೀಳಿದ ಅಡಿಕೆ ಮರದ ಹಲಗೆಗಳನ್ನೋ ಬಿದಿರಿನ ತಟ್ಟಿಯನ್ನೋ ಕಲ್ಲು ಕಟ್ಟಿ ಕೆರೆಯ ನಾಲ್ಕಾರು ಕಡೆ ಇಳಿಬಿಡಿ. ಹೇನು ಅದರ ಮೇಲೆ ಮೊಟ್ಟೆಯಿಡುತ್ತದೆ. ವಾರಕ್ಕೊಮ್ಮೆ ಮೇಲೆತ್ತಿ ಕೆರೆಯಿಂದ ದೂರದಲ್ಲಿ ಬಿರುಬಿಸಿಲಿಗೆ ಒಣಗಿಸಿ, ಉಜ್ಜಿ, ಮತ್ತೆ ಇಳಿಸಿ. ಕೆರೆಗೆ ಬಿದ್ದ ಸೋಗೆ, ಕೊಂಬೆಗಳನ್ನು ಆಗಾಗ ತೆಗೆಯದಿದ್ದರೆ ಈ ಶ್ರಮ ಅರ್ಧ ವ್ಯರ್ಥ.

ಈಗ ಮೈಲುತುತ್ತಿನ, ಅಂದರೆ ತಾಮ್ರದ ಸಲ್ಫೇಟಿನ ವಿಷಯ. ಇದನ್ನು ಬಿಡಿಸಿ ಹೇಳಲೇಬೇಕು. ವಿಜ್ಞಾನಿ ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನದಲ್ಲಿ ಅಡಿಕೆಯ ಕೊಳೆರೋಗದ ಅಧ್ಯಯನ ಪ್ರಕಟಿಸಿದ್ದು 1910ರಲ್ಲಿ. ಅಂದಿನಿಂದ ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಅಡಿಕೆಯವರ ಮನೆಮದ್ದೇ ಆಗಿದೆ. ಮೈಲುತುತ್ತು ಇಲ್ಲದ ಕೊಟ್ಟಿಗೆ ನಮ್ಮಲ್ಲಿಲ್ಲ. ಮೀನಿನ ಪರೋಪಜೀವಿಗೂ ಅದು ಮದ್ದೇ, ಪುಸ್ತಕಗಳಲ್ಲೂ ಇದೆ. ಆದರೆ ಆ ಪ್ರಮಾಣ ನೀರಿನ ಕ್ಷಾರತೆಯನ್ನು ಅವಲಂಬಿಸಿದೆ. ಲೀಟರಿಗೆ ಇರುವ ಕ್ಷಾರತೆಯ ಮಿಲಿಗ್ರಾಂ ಲೆಕ್ಕವನ್ನು 100ರಿಂದ ಭಾಗಿಸಿದರೆ ಬರುವಷ್ಟೇ ಮಿಲಿಗ್ರಾಂ ಮೈಲುತುತ್ತು ಲೀಟರಿಗೆ ಹಾಕಬಹುದು. ಕ್ಷಾರತೆ 50ಕ್ಕಿಂತ ಕಡಿಮೆಯಿದ್ದರೆ ಹಾಕುವಂತೆಯೇ ಇಲ್ಲ, ತಾಮ್ರ ನೇರವಾಗಿ ಕಿವಿರನ್ನು ಸುಡುತ್ತದೆ. ಮುರಕಲ್ಲಿನ ಮೂಲಕ ಸೋಸಿ ಬರುವ ನಮ್ಮ ಒರತೆ, ಸುರಂಗದ ನೀರು ಮೆದು ನೀರು, ಮಣ್ಣೂ ಹುಳಿ. ಬಯಲುಸೀಮೆಯ ಕೆರೆಗೆ ಸರಿಹೊಂದಿದ ಪ್ರಮಾಣ ಇಲ್ಲಿ ಮೀನನ್ನೇ ಕೊಲ್ಲಬಹುದು.

ಒಂದು ಲೆಕ್ಕ ನೋಡಿ. 10 ಮೀಟರ್ ಉದ್ದ, 8 ಮೀಟರ್ ಅಗಲ, 1.5 ಮೀಟರ್ ನೀರಿರುವ ಕೆರೆಯಲ್ಲಿ 1,20,000 ಲೀಟರ್ ನೀರಿದೆ. ಕ್ಷಾರತೆ 50 ಇದ್ದರೂ ಅದಕ್ಕೆ ಹಾಕಬಹುದಾದ ಮೈಲುತುತ್ತು 60 ಗ್ರಾಂ. ಅಡಿಕೆಗೆ ಮದ್ದು ಬಿಟ್ಟು ಉಳಿದ ಶೇ. 1ರ ಬೋರ್ಡೋ 10 ಲೀಟರಿನಲ್ಲೇ 100 ಗ್ರಾಂ ಇರುತ್ತದೆ. ಸುಣ್ಣದ ಜತೆ ಸೇರಿರುವುದರಿಂದ ತಾಮ್ರವೆಲ್ಲ ಒಮ್ಮೆಗೇ ಕರಗುವುದಿಲ್ಲ, ನಿಜ. ಆದರೆ ಹುಳಿ ನೀರಿನಲ್ಲಿ ಸ್ವಲ್ಪಸ್ವಲ್ಪವಾಗಿ ಕರಗುತ್ತದೆ, ಕೆಸರಿನಲ್ಲಿ ಸೇರಿಕೊಳ್ಳುತ್ತದೆ. ಡ್ರಮ್, ಪಂಪು, ಪೈಪು ತೊಳೆದ ನೀರು ಕೆರೆಗೆ ಇಳಿಯದಂತೆ ನೋಡಿಕೊಳ್ಳುವುದೂ ಮೀನಿನ ಆರೋಗ್ಯದ ಕೆಲಸವೇ.

ಮಂಗಳೂರು, ಮೂಡುಬಿದಿರೆಯ ಮನೆಗಳಲ್ಲಿ ಉಪ್ಪುನೀರಿನ ಹವಳದ ಅಕ್ವೇರಿಯಂ ಇಟ್ಟವರಿಗೂ ಇದೇ ಪಾಠ. ಅಲ್ಲಿ ಬಿಳಿಚುಕ್ಕೆ ತರುವುದು ಕ್ರಿಪ್ಟೋಕ್ಯಾರಿಯಾನ್ ಎಂಬ ಬೇರೆಯೇ ಜೀವಿ. ತಾಮ್ರ ಅದನ್ನು ಕೊಲ್ಲುತ್ತದೆ, ಜತೆಗೆ ಹವಳವನ್ನೂ ಸಿಗಡಿಯನ್ನೂ ಕೊಲ್ಲುತ್ತದೆ. ಆದ್ದರಿಂದ ಮೀನನ್ನಷ್ಟೇ ಬೇರೆ ತೊಟ್ಟಿಗೆ ತಂದು, ತಾಮ್ರದ ಮಟ್ಟವನ್ನು ದಿನವೂ ಅಳೆಯುತ್ತಾ ಚಿಕಿತ್ಸೆ ಮಾಡುತ್ತಾರೆ. ಹವಳದ ತೊಟ್ಟಿಯಲ್ಲಿ ಆರೆಂಟು ವಾರ ಒಂದು ಮೀನನ್ನೂ ಇಡುವುದಿಲ್ಲ. ಮೀನಿಲ್ಲದೆ ಪರೋಪಜೀವಿ ಹಸಿದು ಸಾಯುತ್ತದೆ.

ನಮ್ಮ ಕೆರೆಗೂ ಈ ಉಪಾಯವುಂಟು. ಪತ್ತನಾಜೆಗೆ ಮೊದಲು ಮೀನು ಪೂರ್ತಿ ಹಿಡಿದು, ಒರತೆ ಇಲ್ಲದ ಕೆರೆಯಾದರೆ ತಳ ಬಿರುಕುಬಿಡುವವರೆಗೆ ಒಣಗಿಸಿ. ಕೆಸರು ತೆಗೆದು ತೋಟಕ್ಕೆ ಹಾಕುವ ಮೊದಲು, ಬಹಳ ಕಾಲ ಬೋರ್ಡೋ ನೀರು ಸೇರಿದ ಕೆರೆಯಾದರೆ, ಅದನ್ನು ಪರೀಕ್ಷೆ ಮಾಡಿಸುವುದು ಒಳ್ಳೆಯದು. ಮಣ್ಣಿನ ಹುಳಿ ನೋಡಿಕೊಂಡು ಸೆಂಟ್ಸಿಗೆ 2ರಿಂದ 4 ಕೆ.ಜಿ. ಸುಣ್ಣ ಹರಡಿ. ಇದರಿಂದ ತಳದಲ್ಲಿ ಉಳಿದ ಮೊಟ್ಟೆ, ಕೋಶಗಳು ನಾಶವಾಗುತ್ತವೆ, ನೀರಿನ ಕ್ಷಾರತೆಯೂ ಏರುತ್ತದೆ. ಮೀನಿರುವ ಕೆರೆಗೆ ಸುಟ್ಟ ಸುಣ್ಣ ಸುರಿಯಬೇಡಿ.

ಹೊಸ ಮರಿ ತಂದಾಗ ಹತ್ತು ಲೀಟರ್ ನೀರಿಗೆ 200ರಿಂದ 300 ಗ್ರಾಂ ಕಲ್ಲುಪ್ಪು ಕರಗಿಸಿ ಐದು ನಿಮಿಷ ಅದ್ದಿ ಬಿಡಿ. ಮರಿ ಮಗುಚಿದರೆ ತಕ್ಷಣ ತೆಗೆಯಿರಿ. ಕಿವಿರಿನ ಹುಳ, ಟ್ರೈಕೋಡಿನ ಇದರಿಂದ ಉದುರುತ್ತವೆ. ಕೆರೆಯಲ್ಲೇ ಅವು ಹೆಚ್ಚಿದರೆ ಲೀಟರಿಗೆ 2 ಮಿಲಿಗ್ರಾಂನಂತೆ, ಅಂದರೆ ಮೇಲೆ ಹೇಳಿದ ಕೆರೆಗೆ 240 ಗ್ರಾಂ, ಪೊಟ್ಯಾಶಿಯಂ ಪರ್ಮಾಂಗನೇಟ್ ಬಕೆಟ್ಟಿನಲ್ಲಿ ಕರಗಿಸಿ ಬೆಳಗ್ಗೆ ಎಲ್ಲೆಡೆ ಎರಚಿ, ಪಂಪು ಓಡಿಸಿ ನೀರು ಚಿಮ್ಮಿಸುತ್ತಿರಿ. ಕೆಸರು ಹೆಚ್ಚಿದ್ದರೆ ಗುಲಾಬಿ ಬಣ್ಣ ಬೇಗನೆ ಕಂದಾಗುತ್ತದೆ, ಮದ್ದು ಕೆಸರಿನ ಪಾಲಾಯಿತೆಂದೇ ಅರ್ಥ. ಹೇನಿಗೆಂದು ಡೆಲ್ಟಾಮೆಥ್ರಿನ್‌ನಂಥ ಕೀಟನಾಶಕಗಳ ಹೆಸರು ಹೇಳುವವರಿದ್ದಾರೆ. ಅವು ಮೀನಿಗೂ ಸಿಗಡಿಗೂ ವಿಷ. ಬಾವಿಯ ಪಕ್ಕದ ಕೆರೆಗಂತೂ ಮೀನುಗಾರಿಕಾ ಅಧಿಕಾರಿಯ ಲಿಖಿತ ಸಲಹೆಯಿಲ್ಲದೆ ಹಾಕಲೇಬಾರದು. ಹಾಕಿದ ಮೇಲೆ ಅವರು ಹೇಳಿದಷ್ಟು ದಿನ ಆ ಮೀನನ್ನು ತಿನ್ನಬಾರದು, ಮಾರಬಾರದು. ಆಂಟಿಬಯೋಟಿಕ್ ಹೇನಿಗೆ ಏನೂ ಮಾಡುವುದಿಲ್ಲ.

ಗುರುತು ಹಿಡಿಯಲು ಕಷ್ಟವಾದರೆ ಮಂಗಳೂರಿನಲ್ಲಿ 1969ರಲ್ಲಿ ಆರಂಭವಾದ ಮೀನುಗಾರಿಕಾ ಮಹಾವಿದ್ಯಾಲಯವಿದೆ, ಕೃಷಿ ವಿಜ್ಞಾನ ಕೇಂದ್ರವಿದೆ. ಅಲ್ಲಿಗೆ ಸತ್ತ ಮೀನನ್ನು ಐಸಿನಲ್ಲಿಟ್ಟು ಒಯ್ಯಬೇಡಿ. ಮೀನು ಸಾಯುತ್ತಿದ್ದಂತೆ ಹೇನು ಇಳಿದು ಹೋಗುತ್ತದೆ, ಸೂಕ್ಷ್ಮಜೀವಿಗಳು ಕರಗಿ ಗುರುತೇ ಸಿಗುವುದಿಲ್ಲ. ರೋಗದ ಲಕ್ಷಣವಿರುವ ಎರಡು ಮೂರು ಮೀನುಗಳನ್ನು ಜೀವಂತವಾಗಿಯೇ, ಮೂರರಲ್ಲೊಂದು ಪಾಲು ಕೆರೆಯ ನೀರು ಹಾಕಿ ಉಳಿದದ್ದಕ್ಕೆ ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ, ಬೆಳಗ್ಗಿನ ತಂಪಿನಲ್ಲಿ ಒಯ್ಯಿರಿ. ಜತೆಗೊಂದು ಲೀಟರ್ ಕೆರೆಯ ನೀರು ಬೇರೆ ಬಾಟಲಿಯಲ್ಲಿರಲಿ, ಕ್ಷಾರತೆಯನ್ನೂ ಅಳೆಸಬಹುದು.