ಮುಂಗಡ ಕೊಡುವ ಮುನ್ನ

ವಯನಾಡು, ಕಾಸರಗೋಡು ಕಡೆಯಿಂದ ಗಂಟುಮೂಟೆ ಕಟ್ಟಿ ಹುಣಸೂರು ಸೀಮೆಗೆ ಬಂದು ನೆಲೆಸುವ ಯೋಚನೆಯಲ್ಲಿದ್ದೀರಾ? ಶುಂಠಿ ಬೆಳೆಯಲು ಗುತ್ತಿಗೆಗೆ ಜಮೀನು ಹಿಡಿದ ಕೇರಳದ ರೈತರು ಈ ದಾರಿಯನ್ನು ಎಂದೋ ತುಳಿದಿದ್ದಾರೆ. ಇಲ್ಲಿ ಖರ್ಚು ಕಡಿಮೆ, ನಿಜ. ಆದರೂ ವೀರನಹೊಸಹಳ್ಳಿಯಂಥ ಊರಲ್ಲಿ ಮೊದಲು ಬಾಡಿಗೆಗಿದ್ದು ಒಂದು ಮಳೆಗಾಲ, ಒಂದು ಸುಗ್ಗಿ ಕಳೆದು ನೋಡಿ. ಇದು ನಾಗರಹೊಳೆ ಕಾಡಿನ ಹೆಬ್ಬಾಗಿಲು. ರಾಗಿ ತೆನೆಗಟ್ಟುವ ಹೊತ್ತಿಗೆ ಆನೆಯೂ ಬರುತ್ತದೆ. ರೈಲ್ವೆ ಕಂಬಿಯ ಬೇಲಿ ಬಂದರೂ ಹೊಲದ ಅಟ್ಟಣೆಯಲ್ಲಿ ರಾತ್ರಿ ಕಾವಲು ತಪ್ಪಿಲ್ಲ. ಮಾನಂದವಾಡಿಗೆ ಹೋಗುವ ಬಾವಲಿ ರಸ್ತೆ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಬಂದ್. ಊರಿನಿಂದ ನಡುರಾತ್ರಿ ಫೋನ್ ಬಂದರೆ ಸುತ್ತುಬಳಸಿಯೇ ಹೋಗಬೇಕು.

ಜಮೀನು ಕೊಳ್ಳುವಾಗ ಪಹಣಿಯೊಂದನ್ನೇ ನಂಬಬೇಡಿ, ಮೂಲ ಮಂಜೂರಾತಿಯ ಕಾಗದ ಕೇಳಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ ಜಮೀನನ್ನು ಅನುಮತಿಯಿಲ್ಲದೆ ಕೊಂಡರೆ 1978ರ ಪಿಟಿಸಿಎಲ್ ಕಾಯ್ದೆಯ ಪ್ರಕಾರ ಆ ಕ್ರಯ ಊರ್ಜಿತವಲ್ಲ. ಕಾಡಿನಿಂದ ಹೊರಬಂದ ಆದಿವಾಸಿಗಳ ಪುನರ್ವಸತಿ ಹಾಡಿಗಳು ಇಲ್ಲೇ ನಾಗಾಪುರದಲ್ಲಿವೆ. ಅಂಥವರ ನೆಲ ಅಗ್ಗಕ್ಕೆ ಸಿಗುತ್ತದೆಂದು ದಲ್ಲಾಳಿ ಹೇಳಿದರೆ ದಯವಿಟ್ಟು ಕೈಹಾಕಬೇಡಿ; ಅವರಿಗೆ ಉಳಿದಿರುವುದೇ ಅಷ್ಟು.

ಇನ್ನು ಗಾಡಿಯ ವಿಚಾರ: 12 ತಿಂಗಳಿಗಿಂತ ಹೆಚ್ಚು ಇಲ್ಲೇ ಇಟ್ಟುಕೊಳ್ಳುವುದಾದರೆ ಕರ್ನಾಟಕದ ನೋಂದಣಿ ಮಾಡಿಸಲೇಬೇಕು. ಅದಕ್ಕೆ ಕಟ್ಟಬೇಕಾದ ತೆರಿಗೆಯನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.