ಸೋಂಕು ಹೋದರೂ ಮುನಿಸು ಬಿಡದ ಹೊಟ್ಟೆ

ಮಗಳೇ,

ಭೇದಿ ನಿಂತಿತು, ಜ್ವರ ಬಿಟ್ಟಿತು, ಆಂಟಿಬಯೋಟಿಕ್ ಕೋರ್ಸ್ ಮುಗಿದು ತಿಂಗಳುಗಳೇ ಆದವು. ಆದರೂ ತಿಂದ ಕೂಡಲೇ ಹೊಟ್ಟೆ ಗುಡುಗುಡು ಎನ್ನುತ್ತದೆ, ಬೆಳಿಗ್ಗೆ ಎರಡು ಮೂರು ಸಲ ಓಡಬೇಕು, ಸಂಜೆಯ ಹೊತ್ತಿಗೆ ಉಬ್ಬರ ಎನ್ನುತ್ತೀಯ. "ಕ್ರಿಮಿ ಇನ್ನೂ ಒಳಗೇ ಇರಬೇಕು ದೊಡ್ಡಮ್ಮ, ಇನ್ನೊಂದು ಕೋರ್ಸ್ ತಗೊಳ್ಳಲಾ?" ಎಂದು ಕೇಳಿದೆಯಲ್ಲ, ಅದಕ್ಕೆ ಫೋನಿನಲ್ಲಿ ಹೇಳಿ ಮುಗಿಸುವಂಥ ಉತ್ತರವಿಲ್ಲ. ನಾನು ಡಾಕ್ಟರಲ್ಲ. ಆದರೆ ತಾಲ್ಲೂಕು ಆಸ್ಪತ್ರೆಯ ಲ್ಯಾಬಿನಲ್ಲಿ ಮೈಕ್ರೋಸ್ಕೋಪಿನ ಮುಂದೆ ಕೂತು ಊರವರ ಮಲ, ಮೂತ್ರ, ರಕ್ತ ನೋಡುತ್ತಲೇ ನಿವೃತ್ತಳಾದವಳು. ರಿಪೋರ್ಟ್ ಹಿಡಿದು ಹೋದವರು ಮುಂದೆ ಏನು ಮಾಡುತ್ತಾರೆ ಎನ್ನುವುದನ್ನೂ ನೋಡಿದ್ದೇನೆ.

ಮೊದಲು ಇಷ್ಟು ತಿಳಿದುಕೋ. ಸೋಂಕು ಹೋಗುವ ದಿನ ಬೇರೆ, ಹೊಟ್ಟೆ ಸುಧಾರಿಸುವ ದಿನ ಬೇರೆ. ಮಳೆ ನಿಂತರೂ ಮರದ ಹನಿ ನಿಲ್ಲುವುದಿಲ್ಲ. ಈ ಎರಡು ದಿನಗಳ ನಡುವಿನ ಕಾಲದಲ್ಲಿ ತಾಳ್ಮೆ ಕಳೆದುಕೊಂಡವರೇ ಹೆಚ್ಚು ಕೆಡುವುದು.

ಇದು ನಿನಗೊಬ್ಬಳಿಗೇ ಬಂದದ್ದಲ್ಲ. ಬ್ಯಾಕ್ಟೀರಿಯಾದಿಂದ ವಾಂತಿಭೇದಿಯಾದವರಲ್ಲಿ ಹತ್ತಕ್ಕೆ ಒಬ್ಬರಷ್ಟು ಮಂದಿಗೆ ಕರುಳಿನ ಈ ಕಿರಿಕಿರಿ ಉಳಿದುಕೊಳ್ಳುತ್ತದೆ. ಡಾಕ್ಟರುಗಳು ಇದನ್ನು ಐಬಿಎಸ್ ಎನ್ನುತ್ತಾರೆ. ಕೆನಡಾದ ವಾಕರ್ಟನ್ ಎಂಬ ಸಣ್ಣ ಊರಿನಲ್ಲಿ 2000ನೇ ಇಸವಿಯ ಮೇ ತಿಂಗಳಲ್ಲಿ ಜೋರು ಮಳೆಗೆ ದನದ ಗೊಬ್ಬರದ ನೀರು ಕುಡಿಯುವ ನೀರಿನ ಬಾವಿಗೆ ಇಳಿಯಿತು. ಎರಡು ಸಾವಿರಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು, ಏಳು ಮಂದಿ ತೀರಿಕೊಂಡರು. ಅಲ್ಲಿನ ಡಾಕ್ಟರುಗಳು ಅಷ್ಟಕ್ಕೇ ಬಿಡದೆ ಊರವರ ಹೊಟ್ಟೆಯ ಕಥೆಯನ್ನು ವರ್ಷಗಟ್ಟಲೆ ಬರೆದಿಟ್ಟುಕೊಂಡರು. ಎರಡು ಮೂರು ವರ್ಷ ಕಳೆದಾಗ ಅಧ್ಯಯನದಲ್ಲಿದ್ದವರ ಪೈಕಿ ನೂರಕ್ಕೆ 28 ಮಂದಿಗೆ ಐಬಿಎಸ್ ಇತ್ತು, ಎಂಟು ವರ್ಷದ ಹೊತ್ತಿಗೆ ಅದು 15ಕ್ಕೆ ಇಳಿದಿತ್ತು. ನಾರ್ವೆಯ ಬರ್ಗನ್ ನಗರದಲ್ಲಿ 2004ರಲ್ಲಿ ನಲ್ಲಿ ನೀರಿನಿಂದ ಜಿಯಾರ್ಡಿಯಾ ಎಂಬ ಕರುಳಿನ ಪರೋಪಜೀವಿ ಹರಡಿತು. ಮೂರು ವರ್ಷದ ನಂತರವೂ ಸೋಂಕು ತಗುಲಿದ್ದವರಲ್ಲಿ ನೂರಕ್ಕೆ 46 ಮಂದಿಗೆ ಈ ತೊಂದರೆ ಇತ್ತು, ತಗುಲದವರಲ್ಲಿ 14 ಮಂದಿಗೆ. ಹೆದರಿಸಲು ಈ ಲೆಕ್ಕ ಹೇಳುತ್ತಿಲ್ಲ. ಕ್ರಿಮಿ ಸತ್ತ ಮೇಲೂ ತೊಂದರೆ ಉಳಿಯಬಲ್ಲದು, ನಿಧಾನಕ್ಕಾದರೂ ಬಹಳ ಜನರಲ್ಲಿ ಅದು ಇಳಿಯುತ್ತದೆ. ಈ ಎರಡನ್ನೂ ಒಟ್ಟಿಗೆ ನಂಬಬೇಕು.

ಇನ್ನು ನಿನ್ನ ಪ್ರಶ್ನೆ, ಇನ್ನೊಂದು ಕೋರ್ಸ್. ಕ್ರಿಮಿ ಇದೆಯೋ ಇಲ್ಲವೋ ಎನ್ನುವುದನ್ನು ಸರಿಯಾದ ಪರೀಕ್ಷೆಯಿಂದ ಒಮ್ಮೆ ಖಾತ್ರಿ ಮಾಡಿಕೋ. ಇಲ್ಲ ಎಂದಾದರೆ ಆ ಬೇಟೆಯನ್ನು ಅಲ್ಲಿಗೇ ಬಿಡು. ಪರೀಕ್ಷೆ ಎಂದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ಜಿಯಾರ್ಡಿಯಾ ದಿನಾ ಮಲದಲ್ಲಿ ಕಾಣಿಸಿಕೊಳ್ಳುವುದಿಲ್ಲ, ಹಾಗಾಗಿ ಬೇರೆ ಬೇರೆ ದಿನಗಳ ಮೂರು ಸ್ಯಾಂಪಲ್ ನೋಡುವುದು ವಾಡಿಕೆ. ಹಿಂದಿನ ರಾತ್ರಿ ತೆಗೆದಿಟ್ಟ ಡಬ್ಬಿಯನ್ನು ಮರುದಿನ ಮಧ್ಯಾಹ್ನ ಲ್ಯಾಬಿಗೆ ಕೊಟ್ಟರೆ ನೋಡುವವರಿಗೂ ಏನೂ ಸಿಗುವುದಿಲ್ಲ. 'ಅಮೀಬಾ ಸಿಸ್ಟ್ ಇದೆ' ಎಂದು ರಿಪೋರ್ಟ್ ಬಂದ ಕೂಡಲೇ ಮೆಟ್ರೊನಿಡಜೋಲ್ ನುಂಗುವವರು ಒಂದು ವಿಷಯ ತಿಳಿದಿರಬೇಕು: ರೋಗ ತರುವ ಅಮೀಬಾದ್ದೂ ಏನೂ ಮಾಡದ ಅದರ ಸೋದರ ಜಾತಿಯದ್ದೂ ಸಿಸ್ಟ್‌ಗಳು ಮೈಕ್ರೋಸ್ಕೋಪಿನಡಿ ಒಂದೇ ತರ ಕಾಣುತ್ತವೆ. ಕಣ್ಣಳತೆಯಲ್ಲಿ ಬೇರೆ ಮಾಡಲಾಗದು, ಅದಕ್ಕೆ ಬೇರೆ ಪರೀಕ್ಷೆಯೇ ಬೇಕು.

ವಿಡಾಲ್ ಟೆಸ್ಟಿನ ಕಥೆಯೂ ಹಾಗೆಯೇ. ಟೈಫಾಯ್ಡ್ ಬಂದು ಗುಣವಾಗಿ ತಿಂಗಳುಗಳಾದ ಮೇಲೂ ಅದು ಪಾಸಿಟಿವ್ ತೋರಿಸಬಹುದು, ಏಕೆಂದರೆ ಅದು ಹುಡುಕುವುದು ಕ್ರಿಮಿಯನ್ನಲ್ಲ, ಕ್ರಿಮಿಯ ವಿರುದ್ಧ ರಕ್ತದಲ್ಲಿ ಹುಟ್ಟಿದ ಪ್ರತಿಕಾಯಗಳನ್ನು. ಜ್ವರವಿಲ್ಲದೆ ಬರೀ ಹೊಟ್ಟೆ ಉಬ್ಬರಕ್ಕೆ ವಿಡಾಲ್ ಮಾಡಿಸಿ 'ಟೈಫಾಯ್ಡ್ ರಕ್ತದಲ್ಲೇ ಉಳಿದಿದೆ' ಎಂದು ಮತ್ತೆ ಮತ್ತೆ ಇಂಜೆಕ್ಷನ್ ಚುಚ್ಚಿಸಿಕೊಂಡ ಎಷ್ಟೋ ಮಕ್ಕಳನ್ನು ಕಂಡಿದ್ದೇನೆ. ನಿನ್ನ ರೂಮ್‌ಮೇಟ್‌ಗೆ ಜಠರದಲ್ಲಿ ಎಚ್. ಪೈಲೋರಿ ಸೋಂಕು ಎಂದೆಯಲ್ಲ, ಅವಳಿಗೂ ಹೇಳು. ಗುಣವಾಯಿತೇ ಎಂದು ನೋಡಲು ರಕ್ತಪರೀಕ್ಷೆ ಬೇಡ, ಉಸಿರಿನ ಪರೀಕ್ಷೆ ಅಥವಾ ಮಲದ ಆಂಟಿಜೆನ್ ಪರೀಕ್ಷೆ ಬೇಕು. ಅದೂ ಆಂಟಿಬಯೋಟಿಕ್ ಮುಗಿದು ನಾಲ್ಕು ವಾರವಾದರೂ ಆಗಿರಬೇಕು, ಆ್ಯಸಿಡ್ ತಗ್ಗಿಸುವ ಪ್ಯಾಂಟೊಪ್ರಜೋಲ್‌ನಂಥ ಮಾತ್ರೆಯನ್ನು ಡಾಕ್ಟರ ಒಪ್ಪಿಗೆಯಿಂದ ಎರಡು ವಾರ ನಿಲ್ಲಿಸಿರಬೇಕು. ಆತುರಪಟ್ಟು ಮೊದಲೇ ಮಾಡಿಸಿದರೆ ಕ್ರಿಮಿ ಇದ್ದೂ ಇಲ್ಲವೆಂದು ಬರಬಹುದು.

ಹಾಗಾದರೆ ಕ್ರಿಮಿಯಿಲ್ಲದೆ ನೋವೇಕೆ? ಸೋಂಕಿನ ಕಾಲದಲ್ಲಿ ಕರುಳಿನ ಒಳಪದರ ಏಟು ತಿಂದಿರುತ್ತದೆ. ಆ ಪದರದ ಕೋಶಗಳು ಕೆಲವೇ ದಿನಗಳಲ್ಲಿ ಹೊಸದಾಗುತ್ತವೆ ನಿಜ, ಆದರೆ ಅದರಡಿಯ ನರಗಳು ಅಷ್ಟು ಬೇಗ ಮರೆಯುವುದಿಲ್ಲ. ಮೊದಲು ಗೊತ್ತೇ ಆಗದಿದ್ದ ಒಂದಿಷ್ಟು ಗ್ಯಾಸ್ ಈಗ ನೋವಾಗಿ ತಿಳಿಯುತ್ತದೆ. ದೇಹದ ಸೆರೊಟೋನಿನ್ ಎಂಬ ರಾಸಾಯನಿಕದಲ್ಲಿ ನೂರಕ್ಕೆ 90 ಪಾಲು ಕರುಳಿನಲ್ಲೇ ಇರುವಂಥದ್ದು. ಸೋಂಕಿನ ನಂತರ ಅದನ್ನು ಸುರಿಸುವ ಕೋಶಗಳು ಕೆಲವರಲ್ಲಿ ಹೆಚ್ಚಿರುತ್ತವೆ, ಕರುಳು ಅವಸರಪಡುತ್ತದೆ. ಒಳಗಿನ ಒಳ್ಳೆಯ ಬ್ಯಾಕ್ಟೀರಿಯಾ ಬಳಗವೂ ಸೋಂಕಿಗೆ ಒಂದಿಷ್ಟು, ಔಷಧಕ್ಕೆ ಇನ್ನೊಂದಿಷ್ಟು ಚದುರಿಹೋಗಿರುತ್ತದೆ. ಇನ್ನೊಂದು ಕೋರ್ಸ್ ನುಂಗಿದರೆ ಮತ್ತೆ ಚದುರುವುದೂ ಅದೇ ಬಳಗ. ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದವರು 2021ರಲ್ಲಿ ಇಲಿಗಳಲ್ಲಿ ಇನ್ನೊಂದು ಸಂಗತಿ ತೋರಿಸಿದರು. ಸೋಂಕಿನ ಸಮಯದಲ್ಲಿ ತಿಂದ ಆಹಾರವನ್ನೇ ಕರುಳು ಶತ್ರುವೆಂದು ಗುರುತಿಟ್ಟುಕೊಂಡು, ಸೋಂಕು ಹೋದ ಮೇಲೂ ಆ ಆಹಾರಕ್ಕೆ ನೋವು ತೋರಿಸಬಲ್ಲದು.

ಆದ್ದರಿಂದ ಡಾಕ್ಟರು "ಟೆನ್ಷನ್ ಕಡಿಮೆ ಮಾಡಿಕೊಳ್ಳಿ" ಎಂದಾಗ 'ನನ್ನದು ಬರೀ ಭ್ರಮೆ ಅಂದರು' ಎಂದು ಕಣ್ಣೀರು ಹಾಕಿಕೊಂಡು ಬರಬೇಡ. ನೋವು ನಿಜವಾದದ್ದೇ. ಆತಂಕ ಅದನ್ನು ಹುಟ್ಟಿಸದಿದ್ದರೂ ಅದರ ಸದ್ದು ಏರಿಸುತ್ತದೆ. ಕೆಲವೊಮ್ಮೆ ಅಮಿಟ್ರಿಪ್ಟಿಲಿನ್ ಎಂಬ ಮಾತ್ರೆಯನ್ನು ತೀರಾ ಕಡಿಮೆ ಪ್ರಮಾಣದಲ್ಲಿ ರಾತ್ರಿ ಹೊತ್ತು ಕೊಡುತ್ತಾರೆ. ಅದು ಖಿನ್ನತೆಯ ಮಾತ್ರೆ ಎಂದು ಇಂಟರ್‌ನೆಟ್ಟಿನಲ್ಲಿ ಓದಿ ಬಿಸಾಡಬೇಡ. ಆ ಪ್ರಮಾಣದಲ್ಲಿ ಅದನ್ನು ಕೊಡುವುದು ಕರುಳಿನ ನರಗಳನ್ನು ಸಮಾಧಾನ ಮಾಡಲಿಕ್ಕೆ. ಐಬಿಎಸ್‌ನವರಿಗೆ ಅದು ನೆರವಾಗುತ್ತದೆಂದು ಬ್ರಿಟನ್ನಿನಲ್ಲಿ 2023ರಲ್ಲಿ ದೊಡ್ಡದೊಂದು ಪ್ರಯೋಗದಿಂದ ಖಚಿತವಾಯಿತು.

ಊಟದ ವಿಚಾರಕ್ಕೆ ಬರೋಣ. ಮೊದಲು ಹಾಲು. ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಕಿಣ್ವ ಸಣ್ಣ ಕರುಳಿನ ಎಳೆಗಳ ತುದಿಯಲ್ಲಿರುತ್ತದೆ, ಸೋಂಕು ತಗುಲಿದಾಗ ಎಲ್ಲಕ್ಕಿಂತ ಮೊದಲು ಸವೆಯುವುದು ಆ ತುದಿಯೇ. ಪಿಜಿಯಲ್ಲಿ ದಿನಕ್ಕೆ ನಾಲ್ಕು ಲೋಟ ಕಾಫಿ ಕುಡಿಯುತ್ತಾ 'ಯಾವ ಔಷಧವೂ ಹತ್ತುತ್ತಿಲ್ಲ' ಎಂದರೆ ಹೇಗೆ? ಕೆಲವು ವಾರ ಹಾಲು ಬಿಟ್ಟು ನೋಡು. ಮೊಸರು, ಮಜ್ಜಿಗೆ ಸಾಮಾನ್ಯವಾಗಿ ಒಗ್ಗುತ್ತವೆ, ಅವುಗಳ ಬ್ಯಾಕ್ಟೀರಿಯಾ ಹಾಲಿನ ಸಕ್ಕರೆಯನ್ನು ಒಂದಿಷ್ಟು ಮೊದಲೇ ತಿಂದು ಮುಗಿಸಿರುತ್ತವೆ.

ಆಮೇಲೆ ಈರುಳ್ಳಿ, ಬೆಳ್ಳುಳ್ಳಿ, ಮೈದಾ ಮತ್ತು ಗೋಧಿ, ರಾಜ್ಮಾ, ಕಡಲೆ, ಸೇಬು, ಮಾವು, ಕಲ್ಲಂಗಡಿ. ಇವು ಕೆಟ್ಟ ಆಹಾರವಲ್ಲ, ಇವುಗಳಲ್ಲಿನ ಕೆಲವು ಸಕ್ಕರೆಗಳು ಪೂರ್ತಿ ಜೀರ್ಣವಾಗದೆ ದೊಡ್ಡ ಕರುಳಿನಲ್ಲಿ ಹುದುಗುತ್ತವೆ. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು ರೂಪಿಸಿದ ಪಥ್ಯವೊಂದಿದೆ: ನಾಲ್ಕರಿಂದ ಆರು ವಾರ ಇಂಥವನ್ನು ಕಡಿಮೆ ಮಾಡಿ, ನಂತರ ಒಂದೊಂದನ್ನೇ ಮರಳಿ ತಂದು ಯಾವುದು ಒಗ್ಗುತ್ತದೆ ನೋಡುವುದು. ನಮ್ಮ ಅಡುಗೆಮನೆಯಲ್ಲಿ ಇದು ಕಷ್ಟವೇನಲ್ಲ. ಅನ್ನ, ತೆಳ್ಳಗಿನ ತಿಳಿಸಾರು, ಇಂಗಿನ ಒಗ್ಗರಣೆ, ರಾಗಿ ಮುದ್ದೆ ಇಲ್ಲವೇ ಅಂಬಲಿ, ಸೌತೆ, ಪಡವಲ, ಕ್ಯಾರೆಟ್ ಪಲ್ಯ, ಮೊಟ್ಟೆ ತಿನ್ನುವುದಾದರೆ ಮೊಟ್ಟೆ. ಒಂದು ಚಮಚ ಇಸಬಗೋಲನ್ನು ತುಂಬಾ ನೀರಿನಲ್ಲಿ ಕಲಸಿ ಕುಡಿದರೆ ಭೇದಿಗೂ ಮಲಬದ್ಧತೆಗೂ ಅನುಕೂಲ, ಆದರೆ ಮೊದಲ ವಾರ ಅರ್ಧ ಚಮಚ ಸಾಕು. ದಾಳಿಂಬೆ ಸಿಪ್ಪೆಯ ತಂಬುಳಿ, ಜೀರಿಗೆ ಕಷಾಯ ನಿನಗೆ ಹಿತವಾದರೆ ಅಡ್ಡಿಯಿಲ್ಲ. ಒಳಗೇನಿದೆ ಎಂದು ಬರೆಯದ ಚೂರ್ಣದ ಪೊಟ್ಟಣ ಮಾತ್ರ ಬೇಡ.

ಇಲ್ಲಿ ನಿನ್ನನ್ನು ಎಚ್ಚರಿಸಬೇಕು. ಪಥ್ಯದಲ್ಲಿ ಬಿಡುವುದಕ್ಕಿಂತ ಮರಳಿ ತರುವುದೇ ಮುಖ್ಯವಾದ ಭಾಗ, ಆದರೆ ಜನ ಅದನ್ನೇ ಮರೆಯುತ್ತಾರೆ. ಒಂದು ದಿನ ಹೊಟ್ಟೆ ಕೆಟ್ಟರೆ ಅಂದು ತಿಂದ ಬದನೆಕಾಯಿಯ ಮೇಲೆ ತಪ್ಪು, ಮರುದಿನ ಕೆಟ್ಟರೆ ಹೆಸರುಬೇಳೆಯ ಮೇಲೆ. ಹೀಗೆ ಒಂದೊಂದನ್ನೇ ಹೊರಗಟ್ಟುತ್ತಾ ಕೊನೆಗೆ ಗಂಜಿ ಮತ್ತು ಮೊಸರನ್ನ ಮಾತ್ರ ಉಳಿಯುತ್ತವೆ. ತೂಕ ಇಳಿಯುತ್ತದೆ, ಕೂದಲು ಉದುರುತ್ತದೆ, ಎದ್ದರೆ ತಲೆ ಸುತ್ತುತ್ತದೆ. ಆ ನಿತ್ರಾಣವನ್ನೂ ರೋಗದ ಲೆಕ್ಕಕ್ಕೇ ಬರೆದು ಮತ್ತೊಬ್ಬ ಡಾಕ್ಟರ ಬಾಗಿಲು ತಟ್ಟುತ್ತಾರೆ. ಹಾಗಾಗಿ ಬಿಟ್ಟ ಪ್ರತಿ ಪದಾರ್ಥಕ್ಕೂ ಮರಳಿ ತರುವ ವಾರವನ್ನು ಮೊದಲೇ ಬರೆದಿಡು. ಸ್ವಲ್ಪದರಿಂದ ಶುರು ಮಾಡಿ ಮೂರು ದಿನ ನೋಡು. ಒಂದು ಸಲ ಕೆಟ್ಟಿತೆಂದು ತೀರ್ಪು ಕೊಡಬೇಡ.

ಆ್ಯಸಿಡ್ ಮಾತ್ರೆಯ ಬಗ್ಗೆಯೂ ಒಂದು ಮಾತು. ತಿಂಗಳುಗಟ್ಟಲೆ ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗಿ ಒಂದು ದಿನ ಥಟ್ಟನೆ ನಿಲ್ಲಿಸಿದರೆ ಕೆಲವು ದಿನ ಎದೆಯುರಿ ಮೊದಲಿಗಿಂತ ಜಾಸ್ತಿಯಾಗಬಹುದು. ತಡೆದಿಟ್ಟ ಆ್ಯಸಿಡ್ ಉಕ್ಕುವುದು ಅದು, ರೋಗ ಮರುಕಳಿಸಿದ್ದಲ್ಲ. ಡಾಕ್ಟರನ್ನು ಕೇಳಿ ಮೆಟ್ಟಿಲು ಮೆಟ್ಟಿಲಾಗಿ ಇಳಿಸು. ಪ್ರೋಬಯಾಟಿಕ್ ಎಲ್ಲರಿಗೂ ಫಲ ಕೊಡುವುದಿಲ್ಲ. ತೆಗೆದುಕೊಳ್ಳುವುದಾದರೆ ಒಂದೇ ಬ್ರ್ಯಾಂಡ್, ಒಂದು ತಿಂಗಳು. ಫಲವಿಲ್ಲದಿದ್ದರೆ ಆ ದುಡ್ಡಿಗೆ ಹಣ್ಣು ತಗೋ.

ತಿಂಡಿ ಬಿಟ್ಟು ಆಫೀಸಿಗೆ ಹೋಗುವ ನಿನ್ನ ಅಭ್ಯಾಸಕ್ಕೆ ಕಾರಣ ನನಗೆ ಗೊತ್ತು, ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಬಸ್ ನಿಂತಾಗ ಹೊಟ್ಟೆ ಕರೆದರೆ ಎನ್ನುವ ಭಯ. ಊಟ ಹೊಟ್ಟೆಗೆ ಬಿದ್ದೊಡನೆ ದೊಡ್ಡ ಕರುಳು ಕದಲುವುದು ಎಲ್ಲರಲ್ಲೂ ಇರುವ ಕ್ರಮ, ನಿನ್ನಲ್ಲಿ ಈಗ ಸ್ವಲ್ಪ ಜೋರು. ಅರ್ಧ ಗಂಟೆ ಮೊದಲೆದ್ದು ತಿಂಡಿ ತಿಂದು, ಆ ಕರೆ ಮನೆಯಲ್ಲೇ ಮುಗಿಯುವಂತೆ ನೋಡಿಕೋ. ಉಪವಾಸ ಬಿದ್ದು ಮಧ್ಯಾಹ್ನ ಎರಡು ಪಟ್ಟು ತಿಂದರೆ ಹೊಟ್ಟೆಯೂ ಎರಡು ಪಟ್ಟು ಕೂಗುತ್ತದೆ.

ತಾಳ್ಮೆ ಎಂದೆ, ಆದರೆ ಕೆಲವಕ್ಕೆ ತಾಳ್ಮೆ ಕೂಡದು. ಮಲದಲ್ಲಿ ರಕ್ತ, ಬಿಟ್ಟು ಬಿಟ್ಟು ಬರುವ ಜ್ವರ, ತಾನಾಗಿ ಇಳಿಯುವ ತೂಕ, ನಿದ್ದೆಯಿಂದ ಎಬ್ಬಿಸುವ ಭೇದಿ, ರಕ್ತಹೀನತೆ, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಇದ್ದ ಹಿನ್ನೆಲೆ, ಇವುಗಳಲ್ಲಿ ಒಂದಿದ್ದರೂ ತಡಮಾಡದೆ ಗ್ಯಾಸ್ಟ್ರೋ ಡಾಕ್ಟರನ್ನು ಕಾಣಬೇಕು. ನಮ್ಮ ದೇಶದಲ್ಲಿ ಕರುಳಿನ ಕ್ಷಯ ಇನ್ನೂ ಇದೆ, ಅದು ಸಾಮಾನ್ಯ ಹೊಟ್ಟೆನೋವಿನ ವೇಷದಲ್ಲೇ ಬರುತ್ತದೆ. ಆಂಟಿಬಯೋಟಿಕ್ ಆದ ಮೇಲೆ ಹೊಸದಾಗಿ ನೀರಿನಂಥ ಭೇದಿ, ಜ್ವರ ಶುರುವಾದರೆ ಅದಕ್ಕೂ ಬೇರೆ ಕಾರಣವಿರಬಹುದು. ಆಂಟಿಬಯೋಟಿಕ್ಕೇ ಬೇಕಾಗುವ ಭೇದಿಯೂ ಇದೆ. 1960ರ ದಶಕದಲ್ಲಿ ವೆಲ್ಲೂರಿನ ಸುತ್ತಲ ಹಳ್ಳಿಗಳಲ್ಲಿ ಭೇದಿ ನಿಲ್ಲದೆ ಜನ ಬಡಕಲಾಗುತ್ತಾ ಹೋದಾಗ ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಬೇಕರ್ ಮತ್ತು ಮಾಥನ್ ಅದನ್ನು ಹಿಂಬಾಲಿಸಿ ಅಭ್ಯಾಸ ಮಾಡಿದರು. ಅದು ಟ್ರಾಪಿಕಲ್ ಸ್ಪ್ರೂ, ಕರುಳು ಪೋಷಕಾಂಶ ಹೀರುವುದನ್ನೇ ಬಿಟ್ಟುಬಿಡುವ ರೋಗ. ಅದಕ್ಕೆ ಫೋಲಿಕ್ ಆ್ಯಸಿಡ್, ಬಿ12 ಜೊತೆಗೆ ಟೆಟ್ರಾಸೈಕ್ಲಿನ್ ಕೊಡಬೇಕಾಯಿತು. ಆಂಟಿಬಯೋಟಿಕ್ಕಿಗೂ ಅದರದ್ದೇ ಜಾಗವಿದೆ. ಆ ಜಾಗ ಯಾವುದೆಂದು ಹೇಳಬೇಕಾದದ್ದು ಪರೀಕ್ಷೆ, ಮೆಡಿಕಲ್ ಶಾಪಿನ ಹುಡುಗನಲ್ಲ.

ಡಾಕ್ಟರ ಮುಂದೆ ನಾಚಿಕೆ ಬೇಡ. 'ಹೊಟ್ಟೆ ಸರಿಯಿಲ್ಲ' ಎಂದಷ್ಟೇ ಹೇಳಿದರೆ ಅವರಿಗೇನು ತಿಳಿದೀತು? ಎಷ್ಟು ಸಲ, ನೀರೋ ಗಟ್ಟಿಯೋ, ಬಣ್ಣವೇನು, ಹೋಗಿ ಬಂದರೆ ನೋವು ಇಳಿಯುತ್ತದೆಯೋ, ಯಾವ ಯಾವ ಮಾತ್ರೆ ಎಷ್ಟು ದಿನ ತಗೊಂಡೆ, ಎಲ್ಲವನ್ನೂ ಎರಡು ವಾರ ಬರೆದು ಆ ಹಾಳೆಯನ್ನೇ ಕೈಗೆ ಕೊಡು. ಒಬ್ಬರನ್ನೇ ನಂಬಿ ಕೆಲವು ತಿಂಗಳು ಅವರ ಬಳಿಯೇ ಹೋಗು. ವಾರಕ್ಕೊಬ್ಬ ಡಾಕ್ಟರನ್ನು ಬದಲಿಸಿದರೆ ಪ್ರತಿಯೊಬ್ಬರೂ ಮೊದಲ ಪುಟದಿಂದಲೇ ಶುರು ಮಾಡುತ್ತಾರೆ, ಆ ಮೊದಲ ಪುಟದಲ್ಲಿ ಬಹಳ ಸಲ ಆಂಟಿಬಯೋಟಿಕ್ ಇರುತ್ತದೆ. ಎರಡು ವಾರ ಮುಗಿದ ಮೇಲೆ ಬರೆಯುವುದನ್ನೂ ನಿಲ್ಲಿಸು. ದಿನವಿಡೀ ಹೊಟ್ಟೆಯನ್ನೇ ಕಾಯುತ್ತಾ ಕೂತರೆ ಅದು ಹೇಳಲಿಕ್ಕೆ ಏನಾದರೂ ಹುಡುಕಿಯೇ ಹುಡುಕುತ್ತದೆ.

ಸುಧಾರಣೆಯನ್ನು ಅಳೆಯುವುದಕ್ಕೂ ಬೇರೆ ಅಳತೆ ಇಟ್ಟುಕೋ. ಇಂದು ಎಷ್ಟು ಸಲ ಹೋದೆ ಎನ್ನುವುದು ದಿನಕ್ಕೊಂದು ತರ ಏರಿಳಿಯುತ್ತದೆ, ಅದನ್ನು ಎಣಿಸಿದರೆ ನಿರಾಶೆಯೇ. ಕಳೆದ ತಿಂಗಳು ತಿನ್ನಲಾಗದ ಎಷ್ಟು ಪದಾರ್ಥ ಈ ತಿಂಗಳು ತಟ್ಟೆಗೆ ಮರಳಿದವು, ಭಯದಿಂದ ಬಿಟ್ಟಿದ್ದ ಎಷ್ಟು ಪ್ರಯಾಣ, ಎಷ್ಟು ಮದುವೆಮನೆ ಊಟ ಮರಳಿ ಶುರುವಾದವು, ಅದನ್ನು ಎಣಿಸು. ಹೊಟ್ಟೆ ನೂರಕ್ಕೆ ನೂರು ಸರಿಯಾದ ಮೇಲೆ ಬದುಕು ಶುರು ಮಾಡುತ್ತೇನೆ ಎಂದು ಕಾಯುವವರ ಹೊಟ್ಟೆ ಬೇಗ ಸರಿಯಾಗುವುದಿಲ್ಲ. ಅರೆಬರೆ ಹೊಟ್ಟೆಯಲ್ಲೇ ಬದುಕಲು ಹೊರಟವರದು ಬಹಳ ಸಲ ತಾನಾಗಿ ದಾರಿಗೆ ಬರುತ್ತದೆ.

ಕೊನೆಗೆ, ನೀನು ಕೇಳಿದ್ದಕ್ಕೆ ನೇರ ಉತ್ತರ: ಇನ್ನೊಂದು ಕೋರ್ಸ್ ಬೇಡ. ಈ ವಾರ ಡಾಕ್ಟರ ಚೀಟಿ ಪಡೆದು ಮಲ ಪರೀಕ್ಷೆ ಮಾಡಿಸು, ಸ್ಯಾಂಪಲ್ ಬೆಳಗಿನದ್ದೇ ಇರಲಿ, ಹೊತ್ತಾಗುವ ಮೊದಲೇ ಲ್ಯಾಬ್ ತಲುಪಲಿ. ರಿಪೋರ್ಟ್ ಬಂದ ಕೂಡಲೇ ನನಗೊಂದು ಫೋಟೋ ಕಳಿಸು.