ಪ್ರತಿಗೆ 22 ರೂಪಾಯಿ

2021ರ ಆಗಸ್ಟ್‌ನಲ್ಲಿ ನನ್ನ ಹತ್ತಿರ ಹನ್ನೆರಡು ಕತೆಗಳ ಪೈಕಿ ಏಳು ಮುಗಿದಿದ್ದವು. ಉಳಿದ ಐದರಲ್ಲಿ ಎರಡಕ್ಕೆ ಹೆಸರಿತ್ತು, ಮೂರಕ್ಕೆ ಅದೂ ಇರಲಿಲ್ಲ. ಅದೇ ತಿಂಗಳು ಬೆಂಗಳೂರಿನ ಒಂದು ಏಜೆನ್ಸಿಯಿಂದ ‘ಲೇಖಕರ ಬ್ರ್ಯಾಂಡಿಂಗ್ ಪ್ಯಾಕೇಜ್’ ಕೊಂಡೆ. ನನ್ನ ಹೆಸರಿನ ವೆಬ್‌ಸೈಟ್, ಸೋಶಿಯಲ್ ಮೀಡಿಯಾ ಪೇಜು ಎಲ್ಲ ಅದರಲ್ಲೇ. ಪ್ಯಾಕೇಜಿಗೆ 60,000, ಜಿಎಸ್‌ಟಿ 10,800, ಒಟ್ಟು 70,800 ರೂಪಾಯಿ. ಅಷ್ಟು ದುಡ್ಡು ಕೈಯಲ್ಲಿರಲಿಲ್ಲ. ಕ್ರೆಡಿಟ್ ಕಾರ್ಡ್ ಉಜ್ಜಿ ಹನ್ನೆರಡು ತಿಂಗಳ ಇಎಂಐ ಮಾಡಿಸಿಕೊಂಡೆ.

ನಾನು ಶಿವಮೊಗ್ಗದ ಒಂದು ಸಹಕಾರಿ ಸಂಘದಲ್ಲಿ ಹದಿನೆಂಟು ವರ್ಷದಿಂದ ಲೆಕ್ಕ ಬರೆಯುವವಳು. ಸಾಲದ ಅರ್ಜಿಯಲ್ಲಿ ದುಡ್ಡು ಎಲ್ಲಿಂದ ತೀರಿಸುತ್ತೀರಿ ಎಂಬ ಜಾಗ ಖಾಲಿ ಇದ್ದರೆ ಅರ್ಜಿ ವಾಪಸು ಕೊಡುತ್ತೇನೆ. ನನ್ನ ಈ ಸಾಲಕ್ಕೆ ಆ ಪ್ರಶ್ನೆಯನ್ನು ನಾನೇ ಕೇಳಿಕೊಳ್ಳಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಏಜೆನ್ಸಿಯ ಕಡೆಯಿಂದ ಫೋನಿನಲ್ಲಿ ಮಾತಾಡಿದ ಹುಡುಗ ಬಹಳ ವಿನಯದವನು. “ಮೇಡಂ, ಈಗ ಪಬ್ಲಿಷರ್ಸ್ ಕತೆ ಓದೋಕೆ ಮುಂಚೆ ಫಾಲೋವರ್ಸ್ ಎಷ್ಟು ಅಂತ ನೋಡ್ತಾರೆ. ಪುಸ್ತಕ ಬರೋ ಹೊತ್ತಿಗೆ ನಿಮ್ಮದೊಂದು ಹೆಸರು ನಿಂತಿರಬೇಕು” ಎಂದ. ನನಗೆ ಆಗ ನಲವತ್ತಮೂರು. ಮೊದಲ ಪುಸ್ತಕ. ತಡವಾಗಿಬಿಟ್ಟಿದೆ ಎಂಬ ಅಳುಕು ಇದ್ದೇ ಇತ್ತು. ಆ ಅಳುಕಿಗೇ ನಾನು ದುಡ್ಡು ಕೊಟ್ಟದ್ದು.

ಈಗ ಲೆಕ್ಕಕ್ಕೆ ಬರೋಣ. ಪೆನ್ನು ಹಿಡಿದುಕೊಂಡೇ ಓದಿ.

ಪ್ಯಾಕೇಜ್ 70,800. ಮೂರು ತಿಂಗಳಾದ ಮೇಲೆ “ಆರ್ಗ್ಯಾನಿಕ್ ಆಗಿ ರೀಚ್ ಬರ್ತಿಲ್ಲ, ಬೂಸ್ಟ್ ಮಾಡಬೇಕು” ಅಂದರು. ಜಾಹೀರಾತಿಗೆ ದಿನಕ್ಕೆ 250ರಂತೆ 90 ದಿನಕ್ಕೆ 22,500. ಅದಕ್ಕೆ ಜಿಎಸ್‌ಟಿ 4,050. ಅಲ್ಲಿಗೆ 97,350 ಆಯಿತು. ಇನ್ನು ಇಎಂಐ. ವರ್ಷಕ್ಕೆ ಶೇ 15ರಂತೆ ತಿಂಗಳಿಗೆ 6,390 ಕಟ್ಟಿದೆ. ಹನ್ನೆರಡು ಕಂತಿಗೆ ಬಡ್ಡಿ ಸುಮಾರು 5,883, ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ 1,059. ಕಾರ್ಡಿನ ಇಎಂಐ ಮಾಡಿಸಿಕೊಳ್ಳುವವರಲ್ಲಿ ಅನೇಕರು ಈ ಕೊನೆಯ ಸಾಲನ್ನು ಸ್ಟೇಟ್‌ಮೆಂಟಿನಲ್ಲಿ ನೋಡುವುದೇ ಇಲ್ಲ. ಎಲ್ಲ ಕೂಡಿದರೆ 1,04,292 ರೂಪಾಯಿ.

ಬರುವ ಕಡೆ ನೋಡಿ. ಪುಸ್ತಕದ ಮುಖಬೆಲೆ 220, ರಾಯಲ್ಟಿ ಶೇ 10. ಪ್ರತಿಗೆ 22 ರೂಪಾಯಿ. 1,04,292ನ್ನು 22ರಿಂದ ಭಾಗಿಸಿ. 4,741 ಪ್ರತಿ ಮಾರಿದರೆ ನನ್ನ ಅಸಲು ವಾಪಸು. ಪ್ರಕಾಶಕರು ಅಚ್ಚು ಹಾಕಿಸಿದ್ದು 1,000. ಒಂದೂ ಉಳಿಯದೆ ಅಷ್ಟೂ ಮಾರಿಹೋದರೂ ನನಗೆ ಬರುವುದು 22,000, ಕೈಬಿಟ್ಟು ಹೋಗುವುದು 82,292. ಇದಕ್ಕೆ ಕ್ಯಾಲ್ಕುಲೇಟರ್ ಕೂಡ ಬೇಡ. ಆ ಹುಡುಗನ ಫೋನು ಇಟ್ಟ ಮೇಲೆ ಹಾಲಿನ ಲೆಕ್ಕದ ಚೀಟಿಯ ಹಿಂದೆ ಬರೆದು ನೋಡಬಹುದಿತ್ತು.

ಹೋಗಲಿ, ಜಾಹೀರಾತಿನಿಂದ ಮಾರಾಟವಾದರೂ ಆಯಿತೇ? ವೆಬ್‌ಸೈಟಿನ ಗುಂಡಿ ಒತ್ತಿ ಪುಸ್ತಕವನ್ನು ಮುಂಗಡವಾಗಿ ಕಾದಿರಿಸಿಕೊಂಡವರು 38 ಜನ. 220 ರೂಪಾಯಿಯ ಪುಸ್ತಕದ ಒಂದೊಂದು ಪ್ರತಿ ಮಾರಲು ನಾನು ಕೊಟ್ಟದ್ದು 2,744 ರೂಪಾಯಿ. ಪೇಜಿಗೆ ಫಾಲೋವರ್ಸ್ ಹನ್ನೊಂದು ಸಾವಿರ ದಾಟಿದ್ದರು. ಹೆಬ್ಬೆರಳಿನಲ್ಲಿ ಒಂದು ಲೈಕ್ ಒತ್ತುವವರನ್ನು ಆ ದುಡ್ಡು ಹುಡುಕಿ ತಂದಿತ್ತು. ಕತೆ ಓದುವವರನ್ನು ತರಲಿಲ್ಲ.

ಈ ಪ್ಯಾಕೇಜುಗಳ ಬಗ್ಗೆ ನನಗೆ ಸಮಾಧಾನದಿಂದ ಮಾತಾಡಲು ಆಗುವುದಿಲ್ಲ. ನನ್ನ ಪ್ಯಾಕೇಜಿನ ಪಟ್ಟಿಯಲ್ಲಿ ‘ಕಿಂಡಲ್ ಇ-ಬುಕ್’ ಎಂದೊಂದು ಸಾಲಿತ್ತು. 2016ರಲ್ಲಿ ಕಿಂಡಲ್ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳನ್ನು ಸೇರಿಸಿಕೊಂಡಾಗ ಕನ್ನಡ ಅದರಲ್ಲಿರಲಿಲ್ಲ. ನಾನು ದುಡ್ಡು ಕೊಟ್ಟಾಗಲೂ ಇರಲಿಲ್ಲ. ಕನ್ನಡದ ಲೇಖಕಿಗೆ ಆ ಸಾಲನ್ನು ಮಾರಿದರು! ಕೇಳಿದ್ದಕ್ಕೆ “ಅದು ಸ್ಟ್ಯಾಂಡರ್ಡ್ ಟೆಂಪ್ಲೇಟ್ ಮೇಡಂ” ಎಂಬ ಉತ್ತರ ಬಂತು.

ಇನ್ನೊಂದು ಪೆಟ್ಟು ವರ್ಷದ ಕೊನೆಗೆ ಬಿತ್ತು. ನನ್ನ ಹೆಸರಿನ ವೆಬ್‌ಸೈಟ್ ಒಂದು ಬೆಳಿಗ್ಗೆ ತೆರೆದುಕೊಳ್ಳಲಿಲ್ಲ. ವಿಚಾರಿಸಿದರೆ ಅದರ ವಿಳಾಸವನ್ನು, ಅಂದರೆ ಡೊಮೇನನ್ನು, ಏಜೆನ್ಸಿಯವರು ತಮ್ಮ ಖಾತೆಯಲ್ಲಿ, ತಮ್ಮ ಇಮೇಲ್‌ನಲ್ಲಿ ನೋಂದಾಯಿಸಿದ್ದರು. ನವೀಕರಣಕ್ಕೆ 14,000 ಕೇಳಿದರು. ನಾನೇ ಮಾಡಿಸಿದ್ದರೆ ಸಾವಿರದ ಆಸುಪಾಸಿನಲ್ಲಿ ಮುಗಿಯುವ ಕೆಲಸ. ಕೊಡಲಿಲ್ಲ. ವೆಬ್‌ಸೈಟ್ ಹೋಯಿತು.

ದುಡ್ಡಿಗಿಂತ ದೊಡ್ಡದು ಹೊತ್ತು. ಬೆಳಿಗ್ಗೆ ಐದರಿಂದ ಆರೂವರೆ ನನ್ನ ಬರವಣಿಗೆಯ ಸಮಯ. ಆಮೇಲೆ ತಿಂಡಿ, ಡಬ್ಬಿ, ಆಫೀಸು. ವಾರಕ್ಕೆ ನಾಲ್ಕು ರೀಲ್ಸ್ ಬೇಕೆಂದು ಅವರು ಹೇಳಿದ ಮೇಲೆ ಆ ಒಂದೂವರೆ ಗಂಟೆ ಕಿಟಕಿಯ ಬೆಳಕು ಸರಿಯಿದೆಯೇ, ಹಿಂದಿನ ಗೋಡೆಯ ಕ್ಯಾಲೆಂಡರ್ ಕಾಣುತ್ತದೆಯೇ ಎಂದು ನೋಡುವುದರಲ್ಲಿ ಹೋಯಿತು. ಏಳು ತಿಂಗಳಲ್ಲಿ ಬರೆದದ್ದು ಒಂದೇ ಕತೆ. ಬರೆಯುವ ಕುರಿತು ನಲವತ್ತು ಸಲ ಮಾತಾಡಿದ್ದೆ. ಏಪ್ರಿಲ್‌ನಲ್ಲಿ ಪ್ರಕಾಶಕರಿಗೆ ಫೋನ್ ಮಾಡಿ ಪೇಜಿನ ಸಂಖ್ಯೆ ಹೇಳಿದೆ. ಹಿರಿಯರು, ಪೂರ್ತಿ ಕೇಳಿಸಿಕೊಂಡರು. “ಅದೆಲ್ಲ ಇರಲಿ ತಾಯಿ, ಕತೆ ಎಷ್ಟಾಯ್ತು?” ಅಂದರು. ಆವತ್ತೇ ಫೋನನ್ನು ದೇವರ ಕೋಣೆಯ ಗೂಡಿನಲ್ಲಿ ಇಡಲು ಶುರುಮಾಡಿದೆ. ಏಳು ಗಂಟೆಗೆ ಮೊದಲು ಅಲ್ಲಿಂದ ತೆಗೆಯುವುದಿಲ್ಲ. ಉಳಿದ ನಾಲ್ಕು ಕತೆ ಆಗಸ್ಟ್ ಹೊತ್ತಿಗೆ ಮುಗಿದವು.

ಹೊಸದಾಗಿ ಬರೆಯುವವರಿಗೆ ಬಾಗಿಲು ತೆರೆಯುವ ಕಡೆಗಳನ್ನೇ ನೋಡಿ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ಅದಕ್ಕೆ ಬೇಕಾದದ್ದು ಹಸ್ತಪ್ರತಿ. ಛಂದ ಪುಸ್ತಕ ಪ್ರಕಾಶನದ ಬಹುಮಾನಕ್ಕೆ ಕಳಿಸಬೇಕಾದದ್ದೂ ಹಸ್ತಪ್ರತಿಯೇ. ಕತೆ ಮುಗಿಯದವರಿಗೆ ಎರಡೂ ಕಡೆ ಕೆಲಸವಿಲ್ಲ, ಹನ್ನೊಂದು ಸಾವಿರ ಫಾಲೋವರ್ಸ್ ಇದ್ದರೂ.

ಆನ್‌ಲೈನ್ ಬೇಡವೆಂದು ನಾನು ಹೇಳುತ್ತಿಲ್ಲ. ನನ್ನ ಪುಸ್ತಕ ಬಂದದ್ದು 2022ರ ನವೆಂಬರ್‌ನಲ್ಲಿ, ಇಎಂಐನ ಕೊನೆಯ ಕಂತು ಕಟ್ಟಿ ಮೂರು ತಿಂಗಳಾದ ಮೇಲೆ. ವಾರಪತ್ರಿಕೆಗಳಲ್ಲಿ ನನ್ನ ಕತೆ ಬಂದಾಗಲೆಲ್ಲ ಫೋನ್ ಮಾಡಿದವರ, ಪತ್ರ ಬರೆದವರ ಹೆಸರನ್ನು ಒಂದು ಉದ್ದ ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದೆ. 212 ಹೆಸರು. ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ ವಾಟ್ಸ್‌ಆ್ಯಪ್‌ನಲ್ಲಿ ಬರೆದೆ. ನೀವು ಮೆಚ್ಚಿದ ಕತೆ ಈ ಪುಸ್ತಕದಲ್ಲಿದೆ ಎಂದು ಆ ಕತೆಯ ಹೆಸರು ಹಾಕಿ ಬರೆದೆ. ಹತ್ತು ಸಂಜೆ ಹಿಡಿಯಿತು. 131 ಜನ ಕೊಂಡರು. ಊಟದ ಮೇಜಿನ ಮೇಲೆ ಕಂದು ಟೇಪು, ಕತ್ತರಿ ಇಟ್ಟುಕೊಂಡು ನಾನೂ ಮಗಳೂ ಪೊಟ್ಟಣ ಕಟ್ಟಿದೆವು. ಸಾಗರದ ಒಬ್ಬ ನಿವೃತ್ತ ಮೇಷ್ಟ್ರು ಮೂರು ಪ್ರತಿ ತರಿಸಿಕೊಂಡರು, ಎರಡು ತಮ್ಮ ಹಳೆಯ ಶಾಲೆಯ ಲೈಬ್ರರಿಗೆ.

ಕನ್ನಡದಲ್ಲಿ ಇದು ಹೊಸ ದಾರಿಯೂ ಅಲ್ಲ. ಕಾದಂಬರಿಕಾರ ಗಳಗನಾಥರು ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದವರು. ಯಾವ ಮನೆಯಲ್ಲಿ ಯಾರು ಓದುತ್ತಾರೆ ಎಂದು ತಿಳಿಯುವುದು ಹಾಗೆ ಬಾಗಿಲಿಗೆ ಹೋದವರಿಗೇ. ನಾವು ಅದೇ ಕೆಲಸವನ್ನು ಕೂತಲ್ಲಿಂದ ಮಾಡಬಹುದು, ಆದರೆ ಒಬ್ಬೊಬ್ಬರನ್ನೇ ಮಾತಾಡಿಸಿ ಮಾಡಬೇಕು.

ಹಾಗಾದರೆ ಎಷ್ಟು ಖರ್ಚು ಮಾಡಬಹುದು? ನಾನೀಗ ಇಟ್ಟುಕೊಂಡಿರುವ ಮಿತಿ, ಮೊದಲ ಮುದ್ರಣದ ಅರ್ಧ ಮಾರಿದರೆ ಬರುವ ರಾಯಲ್ಟಿ. ನನ್ನ ಪುಸ್ತಕಕ್ಕೆ ಅದು 11,000. ಅದರಲ್ಲಿ ಸ್ವಂತ ಡೊಮೇನ್, ಒಂದು ಒಳ್ಳೆಯ ಫೋಟೊ, ನೂರಾರು ಜನಕ್ಕೆ ಪುಸ್ತಕ ಕಳಿಸುವ ಅಂಚೆ ಖರ್ಚಿನ ಒಂದು ಪಾಲು ಎಲ್ಲ ಬರಬೇಕು. ಗ್ರಂಥಾಲಯ ಇಲಾಖೆ ಪುಸ್ತಕ ಕೊಳ್ಳಬಹುದು ಎಂಬ ನಿರೀಕ್ಷೆಯನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಆಯ್ಕೆ ನಿಮ್ಮ ಕೈಯಲ್ಲಿಲ್ಲ, ದುಡ್ಡು ಬರುವ ದಿನವಂತೂ ಇಲ್ಲವೇ ಇಲ್ಲ. ಸಾಲ ಮಾಡಿ ಈ ಮಿತಿ ದಾಟುವುದು ತಪ್ಪು. ಇಲ್ಲಿ ನಾನು ರಿಯಾಯಿತಿ ಕೊಡುವುದಿಲ್ಲ.

ಈ ತಿಂಗಳು ಇಂಥ ಪ್ಯಾಕೇಜಿಗೆ ಸಹಿ ಹಾಕಲು ಹೊರಟವರು ನಿಮ್ಮಲ್ಲಿ ಇದ್ದರೆ ದಯವಿಟ್ಟು ಎರಡು ದಿನ ತಡೆಯಿರಿ. ಪ್ರತಿಗೆ ನಿಮಗೆ ಬರುವ ರಾಯಲ್ಟಿಯಿಂದ ಆ ಮೊತ್ತವನ್ನು ಭಾಗಿಸಿ ಎಷ್ಟು ಪ್ರತಿ ಬಂತೆಂದು ನೋಡಿ. ಡೊಮೇನ್ ಯಾರ ಹೆಸರಿನಲ್ಲಿರುತ್ತದೆ ಎಂದು ಬರಹದಲ್ಲಿ ಕೇಳಿ, ಬಾಯಿಮಾತು ಬೇಡ. ಆ ಎರಡು ದಿನದ ಬೆಳಗಿನ ಹೊತ್ತು ನಿಂತಿರುವ ಕತೆಯನ್ನು ಮುಂದುವರಿಸಿ.